ಅವಳು ತಿದ್ದಿದ ಒಂದು ಸಾಲು

ಅವಳ ಬಲಗೈಯ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ, ಅಪ್ಪ ಅಡುಗೆಗಿದ್ದ ಹೋಟೆಲಿನ ರುಬ್ಬುವ ಯಂತ್ರಕ್ಕೆ ಬೆರಳು ಕೊಟ್ಟಿದ್ದಳಂತೆ. ಉಗುರಿದ್ದ ಜಾಗದಲ್ಲಿ ಹುಣಸೆಬೀಜದಂತೆ ನುಣ್ಣಗೆ ಹೊಳೆಯುವ ಗಟ್ಟಿ ಚರ್ಮವಿತ್ತು. ಆ ಬೆರಳಿನಿಂದಲೇ ಕೀಬೋರ್ಡಿನ ಉದ್ದ ಕೀಲಿಯನ್ನು ಒತ್ತುತ್ತಿದ್ದಳು. ನಮ್ಮೆಲ್ಲರ ಕೀಬೋರ್ಡುಗಳು ಟಕಟಕ ಎನ್ನುವಾಗ ಅವಳದು ಮಾತ್ರ ಹಿಟ್ಟು ತಟ್ಟಿದ ಹಾಗೆ ಮೆತ್ತಗೆ ಸದ್ದು ಮಾಡುತ್ತಿತ್ತು. ಆ ಸದ್ದು ನಿಂತರೆ ನನಗೆ ನೆಮ್ಮದಿ. ಮತ್ತೆ ಶುರುವಾದರೆ ಹಲ್ಲು ಕಚ್ಚುತ್ತಿದ್ದೆ. ನಾನು ಕೂರುತ್ತಿದ್ದುದು ಅವಳ ಪಕ್ಕದ ಮೇಜಿನಲ್ಲಿ.

ಇಸವಿ ಎರಡು ಸಾವಿರ ದಾಟಿ ಎರಡು ಮೂರು ವರ್ಷವಾಗಿತ್ತು. ಗದಗಿನಿಂದ ಇಂಜಿನಿಯರಿಂಗ್ ಮುಗಿಸಿಕೊಂಡು ಬಂದ ನಾನು ಸೂರತ್‌ನ ಒಂದು ಸಣ್ಣ ಕಂಪನಿಗೆ ಸೇರಿದ್ದೆ. ಬಟ್ಟೆಗೆ ಕಸೂತಿ ಹಾಕುವ ದೊಡ್ಡ ಯಂತ್ರಗಳಿಗೆ ಬೇಕಾದ ಕಂಪ್ಯೂಟರ್ ಬೋರ್ಡುಗಳನ್ನು ನಾವು ಮಾಡುತ್ತಿದ್ದೆವು. ಒಂದೊಂದು ಯಂತ್ರಕ್ಕೂ ಹನ್ನೆರಡು ಸೂಜಿ, ಕೆಳಗೆ ಬಟ್ಟೆಯನ್ನು ಬಿಗಿದು ಹಿಡಿದ ಉದ್ದನೆಯ ಕಬ್ಬಿಣದ ಚೌಕಟ್ಟು. ಚೌಕಟ್ಟನ್ನು ಆಚೀಚೆ ಸರಿಸುವ ಮೋಟಾರುಗಳ ಪ್ರೋಗ್ರಾಂ ಅವಳದು. ಯಂತ್ರ ನಡೆಸುವವನು ವಿನ್ಯಾಸದಲ್ಲಿ ಒಂದು ಹೊಲಿಗೆ ಸೇರಿಸಲು ಅಥವಾ ತೆಗೆಯಲು ಬಳಸುವ ಭಾಗ ನನ್ನದು. ಅವಳದು ಯಂತ್ರದ ಹೃದಯ, ನನ್ನದು ಗುಂಡಿಗಳು. ಹೊಟ್ಟೆಕಿಚ್ಚು ಅಲ್ಲಿಂದಲೇ ಶುರುವಾಯಿತು.

ಮೊದಲ ದಿನ ನನ್ನ ಹಿಂದಿ ಕೇಳಿಯೇ ಅವಳು ತಿರುಗಿ ನೋಡಿದ್ದಳು. "ನೀವು ಕನ್ನಡವಾ? ನಾನೂ ಕನ್ನಡವೇ. ಆದ್ರೆ ನಂದು ಸ್ವಲ್ಪ ಖರಾಬ್ ಉಂಟು" ಎಂದು ನಕ್ಕಳು. ಕುಂದಾಪುರದ ಕಡೆಯವರು, ಆದರೆ ಅವಳು ಹುಟ್ಟಿ ಬೆಳೆದದ್ದೆಲ್ಲ ಸೂರತ್‌ನಲ್ಲೇ. ಕನ್ನಡ ಓದಲು ಬರದು, ಬರೆಯಲು ಬರದು. ಓದಿದ್ದು ಬರೀ ಡಿಪ್ಲೊಮಾ. ಇದು ತಿಳಿದಾಗ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಆ ಸಮಾಧಾನ ಒಂದು ವಾರವೂ ಬಾಳಲಿಲ್ಲ. ಏನು ಕೆಟ್ಟರೂ ಮಾಲೀಕರು ನನ್ನ ಮೇಜನ್ನು ದಾಟಿಕೊಂಡು ಹೋಗಿ ಅವಳ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. "ಬೆನ್, ಜರಾ ಜುವೋ ನೇ" ಎನ್ನುತ್ತಿದ್ದರು. ಸ್ವಲ್ಪ ನೋಡಮ್ಮ, ಅಷ್ಟೇ. ನನಗೂ ಅವರು 'ಬೆನ್' ಎಂದೇ ಹೇಳುತ್ತಿದ್ದರು, ಆದರೆ ಹಾಗೆ ಬಂದು ಹಿಂದೆ ನಿಲ್ಲುತ್ತಿರಲಿಲ್ಲ.

ಅವಳಿಗೆ ತನ್ನ ಜಾಣತನದ ಅರಿವೇ ಇದ್ದಂತಿರಲಿಲ್ಲ. ಬೆಳಿಗ್ಗೆ ಬಂದವಳು ಮೊದಲು ನಿನ್ನೆ ತಾನು ಬರೆದದ್ದನ್ನೆಲ್ಲ ಬೆರಳಿಟ್ಟು ಓದಿಕೊಳ್ಳುತ್ತಿದ್ದಳು, ತುಟಿ ಅಲ್ಲಾಡಿಸುತ್ತ. ಆಮೇಲೆ "ಇದನ್ನು ಬರೆದ ಗಧಾ ಯಾರು!" ಎಂದು ತನ್ನನ್ನೇ ಬೈದುಕೊಂಡು ಅಳಿಸುತ್ತಿದ್ದಳು. ಊಟಕ್ಕೆ ಮನೆಯಿಂದ ನೀರುದೋಸೆ ತಂದರೆ ಅರ್ಧ ನನ್ನ ಡಬ್ಬಿಯ ಮುಚ್ಚಳದ ಮೇಲೆ ಹಾಕಿಬಿಡುತ್ತಿದ್ದಳು, ಕೇಳದೆ. ನಾನು ತಿನ್ನುತ್ತಿದ್ದೆ. ಆಮೇಲೆ, ಅವಳು ಕೈ ತೊಳೆಯಲು ಹೋದ ಹೊತ್ತಿನಲ್ಲಿ, ಅವಳ ಫೈಲುಗಳನ್ನು ತೆರೆದು ಕೂರುತ್ತಿದ್ದೆ.

ತಪ್ಪು ಹುಡುಕಲು. ದಿನಾ ಊಟದ ನಂತರದ ಬಿಡುವೆಲ್ಲ ಅದಕ್ಕೇ. ಅವಳು ಬರೆದ ಒಂದೊಂದು ಸಾಲನ್ನೂ ನಾನು ಓದಿದ್ದೇನೆ. ನನ್ನದನ್ನು ಅಷ್ಟು ಗಮನವಿಟ್ಟು ಎಂದೂ ಓದಿರಲಿಲ್ಲ. ಅಷ್ಟು ದಿನಗಳಲ್ಲಿ ಮೂರು ತಪ್ಪು ಸಿಕ್ಕವು. ಮೂರನ್ನೂ ಮಾಲೀಕರು ಕೋಣೆಯಲ್ಲಿದ್ದಾಗಲೇ ಗಟ್ಟಿಯಾಗಿ ಹೇಳಿದೆ. ಪ್ರತಿ ಸಲವೂ ಅವಳು ಪರದೆಯ ಹತ್ತಿರ ಬಾಗಿ ನೋಡಿ, "ಅರೆ ಹೌದಲ್ಲ! ಒಳ್ಳೆ ನೋಡಿದೆ ಮಾರಾಯ್ತಿ" ಎಂದು ತಿದ್ದಿಕೊಂಡಳು. ಅವಳ ಮುಖ ಒಂದಿಷ್ಟಾದರೂ ಕಪ್ಪಿಟ್ಟಿದ್ದರೆ ನನಗೆ ಸಾಕಿತ್ತು.

ಇನ್ನು ಆ ಸಾಲಿನ ವಿಷಯ.

ಕಸೂತಿಯ ವಿನ್ಯಾಸ ಯಂತ್ರದ ಮೆಮರಿಯಲ್ಲಿ, ಮನೆಗೊಂದು ಹೊಲಿಗೆಯಂತೆ, ಒಂದು ಸಾಲಾಗಿ ಕೂತಿರುತ್ತದೆ. ಹಿಂದಿನ ಹೊಲಿಗೆಯಿಂದ ಚೌಕಟ್ಟು ಯಾವ ಕಡೆಗೆ, ಎಷ್ಟು ಸರಿಯಬೇಕು ಎಂಬುದನ್ನು ಒಂದೊಂದು ಹೊಲಿಗೆಯೂ ಹೇಳುತ್ತದೆ. ಮಧ್ಯದಲ್ಲಿ ಹೊಸದೊಂದನ್ನು ಸೇರಿಸಬೇಕಾದರೆ ಅದರ ನಂತರದವೆಲ್ಲ ಒಂದೊಂದು ಮನೆ ಮುಂದೆ ಹೋಗಬೇಕು. ಅಂದರೆ ಮೆಮರಿಯ ಆ ತುಂಡನ್ನು ಪೂರ್ತಿಯಾಗಿ ಒಂದು ಮನೆ ಆಚೆಗೆ ನಕಲು ಮಾಡಬೇಕು. ಹಳೆಯ ಜಾಗ, ಹೊಸ ಜಾಗ ಎರಡೂ ಬಹುಪಾಲು ಒಂದೇ. ಒಂದರ ಮೇಲೊಂದು ಬಿದ್ದಿರುತ್ತವೆ. ನಾವು ಬರೆಯುತ್ತಿದ್ದ ಸಿ ಭಾಷೆಯಲ್ಲಿ ನಕಲು ಮಾಡಲು ಎರಡು ಸಿದ್ಧ ಆಜ್ಞೆಗಳಿವೆ. ಮೆಮ್‌ಮೂವ್ ಎಂಬುದು ಎರಡು ಜಾಗಗಳು ಒಂದರ ಮೇಲೊಂದು ಬಂದಿವೆಯೇ ಎಂದು ನೋಡಿಕೊಂಡು, ಬೇಕಾದರೆ ಕೊನೆಯಿಂದ ಶುರುಮಾಡುತ್ತದೆ. ಮೆಮ್‌ಕಾಪಿ ಎಂಬುದಕ್ಕೆ ಆ ಹೊಣೆಯಿಲ್ಲ, ಅದು ತನಗೆ ತೋಚಿದಂತೆ ವೇಗವಾಗಿ ನಕಲು ಮಾಡುತ್ತದೆ. ನಾನು ಬರೆದದ್ದು ಮೆಮ್‌ಕಾಪಿ. ನಮ್ಮ ಹಳೆಯ ಬೋರ್ಡಿನಲ್ಲಿ ಅದು ಸರಿಯಾಗಿಯೇ ನಡೆಯಿತು.

ಅವಳು ಒಂದು ದಿನ ಕುರ್ಚಿಯನ್ನು ಉರುಳಿಸಿಕೊಂಡು ಬಂದು ನನ್ನ ಪರದೆ ನೋಡಿದಳು. "ಇಲ್ಲಿ ಎರಡು ಜಾಗ ಒಂದರ ಮೇಲೊಂದು ಬರ್ತದಲ್ಲ? ಮೆಮ್‌ಮೂವ್ ಹಾಕು. ಬಸ್, ಒಂದೇ ಶಬ್ದ."

"ನೂರು ಸಲ ನೋಡೀನಿ. ಸರಿ ಐತಿ."

"ಇವತ್ತು ಸರಿ ಉಂಟು. ಈ ಕಂಪೈಲರ್ ಪಾಪದ್ದು, ಹೇಗೋ ಸಂಭಾಳಿಸ್ತದೆ. ನಾಳೆ ಬೇರೆ ಬಂದ್ರೆ?"

"ನಾಳಿದು ನಾಳೆ ನೋಡೋಣಂತ. ನೀ ನಿನ್ನ ಮೋಟಾರು ನೋಡ್ಕೋ."

ಕುರ್ಚಿ ಉರುಳಿಸಿಕೊಂಡು ವಾಪಸು ಹೋದಳು. ಅವಳು ಹೇಳಿದ್ದು ನಿಜವೆಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಕಾಲೇಜಿನಲ್ಲಿ ಓದಿದ್ದೇ. ಆದರೆ ಡಿಪ್ಲೊಮಾದವಳು ಹೇಳಿ, ಇಂಜಿನಿಯರು ತಿದ್ದಿಕೊಳ್ಳುವುದೇ?

ಕೆಲವು ತಿಂಗಳಲ್ಲಿ ಹೊಸ ಬೋರ್ಡು ಬಂತು. ಅದರ ಜೊತೆಗೆ, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಹೊಸ ಕಂಪೈಲರೂ ಬಂತು. ಎಲ್ಲರ ಫೈಲುಗಳನ್ನು ಒಟ್ಟುಗೂಡಿಸಿ, ಕೊನೆಯದಾಗಿ ಸಹಿ ಮಾಡಿ ಕೊಡುವ ಕೆಲಸವನ್ನು ಮಾಲೀಕರು ಅವಳಿಗೆ ವಹಿಸಿದರು. ಅದು ನನಗೆ ಬರುತ್ತದೆಂದು ನಾನು ಅಂದುಕೊಂಡಿದ್ದೆ. ಊರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳಿಬಿಟ್ಟಿದ್ದೆ.

ಮರುದಿನ ಅವಳ ಮನೆಯಲ್ಲಿ ಏನೋ ಪೂಜೆ, ಮಧ್ಯಾಹ್ನ ಬರುವೆನೆಂದು ಹೇಳಿ ಹೋಗಿದ್ದಳು. ಬೆಳಿಗ್ಗೆ ನಾನು ನನ್ನ ಫೈಲನ್ನು ತೆರೆದು ನೋಡಿದರೆ ಒಂದು ಸಾಲು ಬದಲಾಗಿತ್ತು. ಮೆಮ್‌ಕಾಪಿ ಇದ್ದಲ್ಲಿ ಮೆಮ್‌ಮೂವ್. ಮೇಲೆ, ಯಾರು ಏನು ತಿದ್ದಿದರೆಂದು ಬರೆಯುವ ಜಾಗದಲ್ಲಿ, ಅವಳ ಹೆಸರಿನ ಎರಡಕ್ಷರ. 'ಜಾಗಗಳು ಒಂದರ ಮೇಲೊಂದು ಬರುತ್ತವೆ' ಎಂಬ ಅರ್ಥದ ಒಂದು ಟಿಪ್ಪಣಿ. ನನ್ನ ಕಿವಿ ಬಿಸಿಯಾಯಿತು. ನನ್ನ ಫೈಲಿನಲ್ಲಿ ಅವಳ ಹೆಸರು! ಟಿಪ್ಪಣಿಯನ್ನು ಅಳಿಸಿದೆ. ಸಾಲನ್ನು ಮೊದಲಿನಂತೆಯೇ ಬರೆದೆ. ಹೊಸ ಬೋರ್ಡಿನಲ್ಲಿ ಒಮ್ಮೆ ನಡೆಸಿಯೂ ನೋಡಿದೆ, ಆದರೆ ಹೊಲಿಗೆ ತೆಗೆಯುವುದನ್ನು ಮಾತ್ರ. ತೆಗೆಯುವಾಗ ಉಳಿದವು ಹಿಂದಕ್ಕೆ ಸರಿಯುತ್ತವೆ, ಅದಕ್ಕೆ ತೊಂದರೆಯಿಲ್ಲ. ಸೇರಿಸುವುದನ್ನು ನೋಡಲಿಲ್ಲ. ಮರೆತೆನೋ, ಬೇಡವೆಂದು ಬಿಟ್ಟೆನೋ, ಈಗಲೂ ಪ್ರಾಮಾಣಿಕವಾಗಿ ಹೇಳಲಾರೆ.

ಮಧ್ಯಾಹ್ನ ಅವಳು ಬಂದು, ಎಲ್ಲವನ್ನೂ ಒಟ್ಟುಗೂಡಿಸಿ, ಸಹಿ ಹಾಕಿದಳು. ತಾನು ತಿದ್ದಿದ ಸಾಲು ಅಲ್ಲೇ ಇದೆಯೆಂದು ನಂಬಿದ್ದಳು.

ಎರಡು ವಾರದ ಮೇಲೆ ಸೂರತ್‌ನ ಉಧನಾ ಬಡಾವಣೆಯ ಒಂದು ಕಸೂತಿ ಕಾರ್ಖಾನೆಯಿಂದ ಫೋನ್ ಬಂತು. ಮಾಲೀಕರು ನಮ್ಮಿಬ್ಬರನ್ನೂ ರಿಕ್ಷಾ ಹತ್ತಿಸಿ ಕಳಿಸಿದರು. ಹೋಗಿ ನೋಡಿದರೆ ಯಂತ್ರ ನಿಂತಿತ್ತು. ಹನ್ನೆರಡು ಸೂಜಿಗಳೂ ಮುರಿದಿದ್ದವು. ಮದುವೆಯ ಘಾಘ್ರಾಕ್ಕೆ ಬಿಗಿದಿದ್ದ ಕೆಂಪು ಬಟ್ಟೆಯ ಮೇಲೆ ಅರ್ಧ ಹೂವು, ಅಲ್ಲಿಂದ ಒಂದೇ ಕಡೆಗೆ ಗೆರೆ ಎಳೆದ ಹಾಗೆ ದಾರ, ಕೊನೆಯಲ್ಲಿ ಹರಿದ ಬಟ್ಟೆ. ಯಂತ್ರ ನಡೆಸುತ್ತಿದ್ದ ಒಡಿಯಾ ಕೆಲಸಗಾರ ಸ್ಟೂಲಿನ ಮೇಲೆ ಕೂತು ಕಣ್ಣಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಕರವಸ್ತ್ರ ತೋಯ್ದಿತ್ತು.

"ಫ್ರೇಮ್ ಭಾಗ್ ಗಯಾ, ಬೆನ್" ಎಂದ. "ರುಕಾ ಹೀ ನಹೀಂ."

ಚೌಕಟ್ಟು ಓಡಿಹೋಯಿತು, ನಿಲ್ಲಲೇ ಇಲ್ಲ. ಹೂವಿನ ಎಸಳಿನಲ್ಲಿ ಸಂದು ಕಂಡಿದ್ದರಿಂದ ಒಂದು ಹೊಲಿಗೆ ಸೇರಿಸಿ ಗುಂಡಿ ಒತ್ತಿದ್ದನಂತೆ. ಚೌಕಟ್ಟು ಒಂದೇ ಕಡೆಗೆ ಸರಿಯುತ್ತ ಹೋಗಿ, ಅದರ ಕಬ್ಬಿಣದ ಅಂಚು ಸೂಜಿಗಳ ಕೆಳಗೆ ಬಂದು, ಮುರಿದ ಚೂರೊಂದು ಹಾರಿತ್ತು. ಕಾರ್ಖಾನೆಯವರು ಅವನನ್ನೇ ಬೈಯುತ್ತಿದ್ದರು, ಏನೋ ತಪ್ಪು ಒತ್ತಿದ್ದಾನೆಂದು.

ಅವಳು ಯಂತ್ರದ ಪರದೆಯಲ್ಲಿ ಹೊಲಿಗೆಗಳ ಪಟ್ಟಿ ತೆಗೆದಳು. ಅವನು ಸೇರಿಸಿದ ಜಾಗದಿಂದ ಕೊನೆಯವರೆಗೂ ಒಂದೇ ಅಂಕಿ, ಅದೇ ಅಂಕಿ, ಅದೇ ಅಂಕಿ. ಅವಳು ನೋಡಿದ್ದು ಒಂದು ಕ್ಷಣ. ನಂತರ ಕಾರ್ಖಾನೆಯವರ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದಳು: "ಇವರದ್ದೇನೂ ತಪ್ಪಿಲ್ಲ. ಸರಿಯಾಗಿಯೇ ಒತ್ತಿದ್ದಾರೆ. ತಪ್ಪು ನಮ್ಮ ಪ್ರೋಗ್ರಾಮಿನದು. ಮೊದಲು ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ." ಅವರು ಹೊರಡುವವರೆಗೆ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಉಳಿಯಿತು. ಕೆಳರೆಪ್ಪೆಯ ಬುಡದಲ್ಲಿ ಹೊಲಿಗೆ ಹಾಕಬೇಕಾಯಿತು.

ಆಫೀಸಿಗೆ ಬಂದು ಬೇರೆ ಕಾರ್ಖಾನೆಗಳಿಗೆಲ್ಲ ಫೋನ್ ಮಾಡಿ, ಹೊಲಿಗೆ ಸೇರಿಸಬೇಡಿ ಎಂದು ತಾನೇ ಹೇಳಿದಳು. ಆಮೇಲೆ ತನ್ನ ಕಂಪ್ಯೂಟರಿನಲ್ಲಿ ಹುಡುಕಲು ಕೂತಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ತಾನು ತಿದ್ದಿದ್ದನ್ನು ಉಳಿಸಲು ಮರೆತಿರಬೇಕು ಎಂದೇ ಅವಳಿಗೆ ಅನ್ನಿಸಿತ್ತು. "ನಾನು ಮಾಡಿದ್ದೆ, ಪಕ್ಕಾ ಮಾಡಿದ್ದೆ" ಎಂದು ಗೊಣಗುತ್ತ ಒಂದೊಂದೇ ಹಳೆಯ ಪ್ರತಿ ತೆರೆಯುತ್ತಿದ್ದಳು. ಅವಳು ತನ್ನನ್ನು ತಾನು ಅನುಮಾನಿಸುವುದನ್ನು ನಾನು ಮೊದಲ ಸಲ ನೋಡಿದ್ದು ಅಂದು. ನನಗೆ ಬೇಕಾಗಿದ್ದದ್ದೂ ಅದೇ ಅಲ್ಲವೇ? ನೋಡಲಾಗಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಸಂಜೆಯ ಚಹಾದ ಹೊತ್ತಿಗೆ ಅವಳಿಗೆ ತನ್ನ ಪ್ರತಿ ಸಿಕ್ಕಿತು. ಸಾಲು ತಿದ್ದಿದಂತೆಯೇ ಇತ್ತು, ಟಿಪ್ಪಣಿಯೂ ಇತ್ತು. ಕುರ್ಚಿ ತಿರುಗಿಸಿ ನನ್ನನ್ನು ನೋಡಿ, ಮೆಲ್ಲಗೆ ಕನ್ನಡದಲ್ಲಿ ಕೇಳಿದಳು, ಬೇರೆ ಯಾರಿಗೂ ತಿಳಿಯದಂತೆ.

"ನೀನು ತೆಗೆದ್ಯಾ?"

"ಇಲ್ಲ" ಎಂದೆ.

"ಸರಿ" ಎಂದಳು. ಅಷ್ಟೇ.

ಮರುದಿನ ಮಾಲೀಕರು ಎಲ್ಲರನ್ನೂ ಕೂರಿಸಿ, ಏನಾಯಿತೆಂದು ವಿವರಿಸಲು ಅವಳಿಗೆ ಹೇಳಿದರು. ಅವಳು ಹಲಗೆಯ ಮೇಲೆ ಐದು ಚೌಕ ಬರೆದು, ಮೊದಲ ನಾಲ್ಕರಲ್ಲಿ ಗುಜರಾತಿ ಅಕ್ಷರದಲ್ಲಿ ಕ, ಖ, ಗ, ಘ ತುಂಬಿದಳು. "ಎಲ್ಲವೂ ಒಂದು ಮನೆ ಆಚೆ ಹೋಗಬೇಕು. ಮೊದಲ ಮನೆಯಿಂದ ಶುರುಮಾಡಿದರೆ ನೋಡಿ." ಕ ಅನ್ನು ಪಕ್ಕದ ಚೌಕಕ್ಕೆ ನಕಲು ಮಾಡಲು ಅಲ್ಲಿದ್ದ ಖ ಅಳಿಸಿದಳು. ಈಗ ಎರಡನೆಯದರಲ್ಲೂ ಕ. ಅದನ್ನು ಮೂರನೆಯದಕ್ಕೆ ಬರೆದಾಗ ಗ ಹೋಯಿತು. ಕೊನೆಗೆ ಹಲಗೆಯ ತುಂಬ ಕ, ಕ, ಕ, ಕ, ಕ. "ಅದಕ್ಕೇ ಆ ಚೌಕಟ್ಟು ಒಂದೇ ಕಡೆಗೆ ಓಡಿತು. ಕೊನೆಯಿಂದ ಶುರುಮಾಡಬೇಕು. ಮೊದಲು ಘ ಅನ್ನು ಖಾಲಿ ಮನೆಗೆ ಕಳಿಸಿ, ಆಮೇಲೆ ಗ." ಎಲ್ಲರೂ ತಲೆಯಾಡಿಸಿದರು. ಯಾರ ಸಾಲು ಅದು ಎಂದು ಅವಳು ಹೇಳಲಿಲ್ಲ.

ಮಾಲೀಕರು ಎದ್ದು ನಿಂತರು. ಅವಳು ಸಹಿ ಹಾಕಿ ಕೊಟ್ಟದ್ದರಿಂದ ಹೊಣೆ ಅವಳದೇ ಎಂದರು. ಇನ್ನು ಮುಂದೆ ಎಲ್ಲವನ್ನೂ ಒಟ್ಟುಗೂಡಿಸುವುದು, ಸಹಿ ಮಾಡುವುದು ನನ್ನ ಕೆಲಸ, ಅವಳ ಮೋಟಾರಿನ ಪ್ರೋಗ್ರಾಮನ್ನೂ ನಾನೇ ಪರೀಕ್ಷಿಸಬೇಕು ಎಂದರು. ನಂತರ ನಡೆದು ಬಂದು, ಮೊದಲ ಸಲ, ನನ್ನ ಕುರ್ಚಿಯ ಹಿಂದೆ ನಿಂತರು.

ನಾನು ಬಯಸಿದ್ದೆಲ್ಲ ಒಂದೇ ಬಾರಿಗೆ ಬಂದಿತ್ತು. ನನ್ನ ಬೆನ್ನಿನ ಹಿಂದೆ ಅವರು ನಿಂತಿರುವಷ್ಟು ಹೊತ್ತೂ ಬೆವರುತ್ತಿದ್ದೆ. ಅವಳು ಬಟ್ಟೆ ಹಿಡಿದು ಹಲಗೆ ಒರೆಸುತ್ತಿದ್ದಳು. ಒಂದೊಂದೇ ಕ ಅಳಿಸಿಹೋಗುತ್ತಿತ್ತು. ಅವಳ ಭುಜಗಳು ಕೆಳಗಿಳಿದಿದ್ದವು. ಅಳುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅವಳು ತಿದ್ದಿದ್ದಳು" ಎಂದೆ. ಹಿಂದಿ ಬರಲಿಲ್ಲ, ಕನ್ನಡದಲ್ಲೇ ಹೇಳಿದ್ದೆ. ಮತ್ತೆ ಹಿಂದಿಯಲ್ಲಿ ಹೇಳಿದೆ. ಅವಳು ತಿದ್ದಿದ್ದನ್ನು ತೆಗೆದವಳು ನಾನು, ಟಿಪ್ಪಣಿ ಅಳಿಸಿದವಳು ನಾನು, ನಿನ್ನೆ ಕೇಳಿದಾಗ ಸುಳ್ಳು ಹೇಳಿದವಳೂ ನಾನು.

ಮಾಲೀಕರು ಕೋಪಿಷ್ಠರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ನಾಳೆಯಿಂದ ಬರಬೇಡ ಎಂದರು.

ಆಗ ಅವಳು ಹಲಗೆಯ ಹತ್ತಿರದಿಂದಲೇ ಮಾತಾಡಿದಳು. ಗುಜರಾತಿಯಲ್ಲಿ, ಒರಟಾಗಿ. ನನ್ನ ಮೇಲೆ ಅವಳಿಗೆ ಸಿಟ್ಟಿತ್ತು, ಅದು ದನಿಯಲ್ಲಿತ್ತು. "ಇವಳನ್ನು ಕಳಿಸಿದರೆ ನನ್ನದನ್ನು ಓದುವವರು ಯಾರು?" ಎಂದಳು. "ಇಲ್ಲಿ ಎಲ್ಲರಿಗೂ ನನ್ನ ಮೇಲೆ ನಂಬಿಕೆ. ಯಾರೂ ತೆರೆದೇ ನೋಡುವುದಿಲ್ಲ. ಇವಳೊಬ್ಬಳೇ ದಿನಾ ಸಿಟ್ಟಿನಿಂದ ಓದುತ್ತಾಳೆ. ಮೂರು ತಪ್ಪು ಹಿಡಿದಿದ್ದಾಳೆ. ಅವು ಯಂತ್ರಕ್ಕೆ ಹೋಗಿದ್ದರೆ ಇನ್ನು ಯಾರ ಕಣ್ಣು ಹೋಗುತ್ತಿತ್ತೋ."

ಅಂದರೆ, ನಾನು ಕದ್ದು ಓದುತ್ತಿದ್ದೇನೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಕೈ ತೊಳೆಯಲು ಹೋದವಳು ಬೇಕೆಂದೇ ತಡಮಾಡಿ ಬರುತ್ತಿದ್ದಳು.

ನನ್ನ ಕೆಲಸ ಉಳಿಯಿತು. ಮಾರನೆಯ ದಿನ ಉಧನಾಕ್ಕೆ ಹೋಗಿ ಆ ಕೆಲಸಗಾರನ ಎದುರು ನಿಂತು, ತಪ್ಪು ನನ್ನದೆಂದು ಹೇಳಿ ಬಂದೆ. ಅವನು ಪಟ್ಟಿ ಕಟ್ಟಿದ ಮುಖ ಎತ್ತಿ, ಈಗ ಸರಿಯಾಗಿದೆಯೇ, ಹೊಲಿಗೆ ಸೇರಿಸಬಹುದೇ ಎಂದಷ್ಟೇ ಕೇಳಿದ. ಅವಳು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ, ಡಬ್ಬಿಯ ಮುಚ್ಚಳಕ್ಕೆ ದೋಸೆಯೂ ಬೀಳಲಿಲ್ಲ. ಎಂಟನೆಯ ದಿನ ತಾನು ಬರೆದ ಹಾಳೆಗಳ ಕಟ್ಟನ್ನು ತಂದು ನನ್ನ ಮೇಜಿನ ಮೇಲೆ ಹಾಕಿ, "ಇನ್ನು ಕದಿಯೋದು ಬೇಡ. ಎದುರಿಗೇ ಓದು" ಎಂದಳು.

ಇದರಿಂದ ನನ್ನ ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಅವಳ ಕೈಚಳಕದ ಮೇಲಿದ್ದದ್ದು ಈಗ ಅವಳ ಮನಸ್ಸಿನ ಮೇಲೂ ಬಂತು. ಹಾಗೆ ಮಾತಾಡಲು ನನ್ನಿಂದ ಆಗುತ್ತಿರಲಿಲ್ಲ ಎಂಬುದು ದಿನಾ ಚುಚ್ಚುತ್ತಿತ್ತು.

ಮುಂದೆ ಅವಳಿಗೆ ವಡೋದರಾದಲ್ಲಿ ಕೆಲಸ ಸಿಕ್ಕಿತು. ಊರ ಹೊರಗಿನ ಕೊಯಾಲಿ ಕಡೆಯ ಕಾರ್ಖಾನೆಗಳಿಗೆ, ಟ್ಯಾಂಕು ತುಂಬುತ್ತಿದ್ದಂತೆ ಎಚ್ಚರಿಸುವ ಬೋರ್ಡುಗಳನ್ನು ಮಾಡುವ ಕಂಪನಿ. ಫತೇಗಂಜ್‌ನಲ್ಲಿ ಕೋಣೆ ಮಾಡಿಕೊಂಡಿದ್ದಳು. ಒಂದು ದಿನ ಫೋನ್ ಮಾಡಿ, "ಭಾನುವಾರ ಬಾ. ಒಂದು ಕಟ್ಟು ಓದಬೇಕು. ಇಲ್ಲಿನವರು ಒಳ್ಳೆಯವರು, ಎಲ್ಲದಕ್ಕೂ ಸರಿ ಸರಿ ಅಂತಾರೆ" ಎಂದಳು. ಬೆಳಗಿನ ರೈಲಿಗೆ ಹೋದೆ. ಚಾಪೆಯ ಮೇಲೆ ಹಾಳೆ ಹರಡಿಕೊಂಡು ಮಧ್ಯಾಹ್ನದವರೆಗೆ ಓದಿದೆ. ಊಟದ ನಂತರ ಸಿಕ್ಕಿತು. ಎಚ್ಚರಿಕೆಗಳ ಪಟ್ಟಿ ತುಂಬಿದಾಗ ಹಳೆಯದನ್ನು ಬಿಟ್ಟು ಉಳಿದವನ್ನು ಹಿಂದಕ್ಕೆ ಸರಿಸುವ ಕಡೆ, ಅವಳು ಆಜ್ಞೆಯನ್ನು ಸರಿಯಾಗಿಯೇ ಆರಿಸಿದ್ದಳು. ಲೆಕ್ಕದಲ್ಲಿ ಮಾತ್ರ ಒಂದು ಮನೆ ಹೆಚ್ಚಾಗಿತ್ತು. ಪಟ್ಟಿಯ ಆಚೆಗಿದ್ದ ಏನೋ ಒಂದು ಒಳಗೆ ಬರುತ್ತಿತ್ತು.

ಬೆರಳನ್ನು ಆ ಸಾಲಿನ ಮೇಲಿಟ್ಟೆ. ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ ಎಂದು ಯೋಚಿಸಿದೆ. ಅದನ್ನೂ ಇಲ್ಲಿ ಹೇಳಿಬಿಡಬೇಕು.

"ಬಾ ಇಲ್ಲಿ. ಒಂದು ಮನಿ ಹೆಚ್ಚಾಗೇತಿ" ಎಂದೆ.

ಅವಳು ಒಲೆಯ ಮೇಲೆ ಚಹಾ ಬಿಟ್ಟು ಓಡಿಬಂದಳು. ನೋಡಿ, ಚಪ್ಪಾಳೆ ತಟ್ಟಿದಳು. ನನ್ನ ತಪ್ಪನ್ನು ಯಾರಾದರೂ ಹಿಡಿದಾಗ ಹಾಗೆ ನಗಲು ನನಗೆ ಇವತ್ತಿಗೂ ಬಂದಿಲ್ಲ. ಹಿಂದೆ ಚಹಾ ಉಕ್ಕಿ ಒಲೆ ಆರಿತು.

ಕೆಲವು ವರ್ಷಗಳ ನಂತರ ಅವಳು ಹೋಗಿಬಿಟ್ಟಳು. ಜ್ವರ ಬಂದು ತಲೆಗೇರಿತಂತೆ, ಒಂಬತ್ತು ದಿನ. ಆಗ ನಾನು ಅಹಮದಾಬಾದಿನಲ್ಲಿದ್ದೆ, ಊರಂಚಿನ ಬೋಪಾಲ್ ಬಡಾವಣೆಯ ಒಂದು ಫ್ಲಾಟಿನಲ್ಲಿ. ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹನ್ನೊಂದನೆಯ ದಿನಕ್ಕೆ ವಡೋದರಾಕ್ಕೆ ಹೋದೆ. ಅವಳ ಮನೆಯ ಹಜಾರದಲ್ಲಿ ಅವಳ ಆಫೀಸಿನ ಹೆಂಗಸರು ಆರೇಳು ಮಂದಿ ಕೂತು ಅಳುತ್ತಿದ್ದರು. ಒಬ್ಬಳು ಅವಳಿಂದ ಕೆಲಸ ಕಲಿತೆ ಎಂದಳು. ಒಬ್ಬಳು ಅವಳ ಡಬ್ಬಿಯ ಊಟದಿಂದಲೇ ಬದುಕಿದೆ ಎಂದಳು. ಮತ್ತೊಬ್ಬಳು, ಆಸ್ಪತ್ರೆಗೆ ಹೋಗುವ ಹಿಂದಿನ ದಿನವೂ ತನ್ನ ಜೊತೆ ನಗುತ್ತಿದ್ದಳು ಎಂದಳು.

ನನಗೆ ಅಳು ಬರಲಿಲ್ಲ. ಅಲ್ಲಿ ಕೂತ ಒಬ್ಬೊಬ್ಬರ ಮೇಲೂ ಹೊಟ್ಟೆಕಿಚ್ಚಾಯಿತು. ಇವರಿಗೆಲ್ಲ ಅವಳು ವರ್ಷಗಟ್ಟಲೆ, ಪೂರ್ತಿಯಾಗಿ ಸಿಕ್ಕಿದ್ದಳು. ನನಗೆ ಸಿಕ್ಕಿದ್ದು ಎರಡೇ ವರ್ಷ. ಅದರಲ್ಲಿ ಒಂದು ವರ್ಷ ನಾನು ಅವಳನ್ನು ನೆಟ್ಟಗೆ ಮಾತಾಡಿಸಿರಲೇ ಇಲ್ಲ.